ಸುರಂಗದಾಚೆಯ ಊರಿಗೆ ಹೋಗುವವರಿಗೆ

ಮನಾಲಿಯಿಂದ ಸುಮಾರು 25 ಕಿಲೋಮೀಟರ್ ಮೇಲೆ, ಧುಂಡಿ ಹತ್ತಿರ, ಅಟಲ್ ಸುರಂಗದ ದಕ್ಷಿಣದ ಬಾಯಿ ಇದೆ. ಒಳಗೆ 9.02 ಕಿಲೋಮೀಟರ್ ದಾರಿ. ಉತ್ತರದ ಬಾಯಿಂದ ಹೊರಬಿದ್ದರೆ ಲಾಹೌಲ್ ಕಣಿವೆ, ಕೆಳಗೆ ಚಂದ್ರಾ ನದಿ, ಕೆಲವೇ ಕಿಲೋಮೀಟರಿನಲ್ಲಿ ಸಿಸ್ಸು ಎಂಬ ಊರು. 2020ರ ಅಕ್ಟೋಬರ್ 3ರಂದು ಸುರಂಗ ತೆರೆಯುವ ತನಕ ಇಲ್ಲಿಗೆ ಬರಬೇಕಾದರೆ 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್ ಹತ್ತಿ ಇಳಿಯಬೇಕಿತ್ತು. ನವೆಂಬರ್ ನಡುವಿನಿಂದ ಮೇ ತನಕ ಆ ದಾರಿಯೂ ಇರುತ್ತಿರಲಿಲ್ಲ.

ಹಳೇ ದಾರಿಯ ಕಾಲದಿಂದಲೂ ನಾನು ಕರ್ನಾಟಕದ ಸಣ್ಣ ಸಣ್ಣ ಗುಂಪುಗಳನ್ನು ಲಾಹೌಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಮಕ್ಕಳನ್ನು ಕಟ್ಟಿಕೊಂಡು ಬರುವ ಸಂಸಾರಗಳು, ಒಬ್ಬೊಬ್ಬರೇ ಬರುವ ಹೆಣ್ಣುಮಕ್ಕಳು. ಪಾಸ್ ದಾಟಿ ಹೋಗುವಾಗ ದಾರಿಯೇ ಅರ್ಧ ಪಾಠ ಕಲಿಸಿಬಿಡುತ್ತಿತ್ತು. ಈಗ ಆ ಪಾಠವನ್ನು ಬಾಯಿಂದ ಹೇಳಬೇಕಾಗಿದೆ. ಇಷ್ಟು ವರ್ಷ ಹೇಳಿದ್ದರಲ್ಲಿ ಮುಖ್ಯವಾದವನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಆ ಊರಿನ ಚಳಿಗಾಲ ತಿಳಿದುಕೊಳ್ಳಿ

ಗುಂಪು ಮನಾಲಿ ಮುಟ್ಟಿದ ರಾತ್ರಿ, ಊಟವಾದ ಮೇಲೆ, ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಹೇಳುತ್ತೇನೆ. ಸುರಂಗಕ್ಕೆ ಮುಂಚೆ, ಹಿಮ ಬಿದ್ದು ರೋಹ್ತಾಂಗ್ ಮುಚ್ಚಿತೆಂದರೆ ಲಾಹೌಲಿನವರಿಗೆ ಐದಾರು ತಿಂಗಳು ಹೊರಗಿನ ದಾರಿ ಬಂದ್ ಆಗುತ್ತಿತ್ತು. ಹಿಟ್ಟು, ಬೇಳೆ, ಸೌದೆ, ದನಕ್ಕೆ ಮೇವು ಎಲ್ಲ ಅಷ್ಟರೊಳಗೆ ಮನೆ ಸೇರಿರಬೇಕಿತ್ತು. ಅನುಕೂಲಸ್ಥರು ಕುಲ್ಲು ಕಡೆ ಇನ್ನೊಂದು ಮನೆ ಮಾಡಿಕೊಂಡು ಮಕ್ಕಳನ್ನು ಅಲ್ಲೇ ಓದಿಸುತ್ತಿದ್ದರು. ವಯಸ್ಸಾದವರು ದನಕರುಗಳ ಜೊತೆ ಊರಲ್ಲೇ ಉಳಿಯುತ್ತಿದ್ದರು. ಹೆರಿಗೆಯ ದಿನ ಹತ್ತಿರವಿದ್ದ ಹೆಣ್ಣುಮಕ್ಕಳನ್ನು ಹಿಮಕ್ಕೆ ಮುಂಚೆಯೇ ಕೆಳಗೆ ಕಳಿಸಬೇಕಿತ್ತು. ಯಾರಿಗಾದರೂ ಕಾಯಿಲೆ ಜೋರಾದರೆ ಸರ್ಕಾರದ ಹೆಲಿಕಾಪ್ಟರೇ ಗತಿ, ಅದೂ ಮೋಡ ತೆರವಾದ ದಿನ ಮಾತ್ರ. ತಡೆಯಲಾರದೆ ನಡೆದೇ ಪಾಸ್ ದಾಟಲು ಹೊರಟು ಹಿಮದಲ್ಲಿ ಸತ್ತವರಿದ್ದಾರೆ. ಅಂಥವರನ್ನು ಉಳಿಸಿಕೊಳ್ಳಲೆಂದೇ ಆಚೆ ಕೋಕ್ಸರಿನಲ್ಲೂ ಈಚೆ ಮಢಿಯಲ್ಲೂ ಚಳಿಗಾಲದ ರಕ್ಷಣಾ ಠಾಣೆಗಳಿದ್ದವು.

ಸುರಂಗ ಬೇಕೆಂದು ಬೇಡಿದವರು ಈ ಜನ. ಲಾಹೌಲಿನ ತಾಶಿ ದಾವಾ ತಮ್ಮ ಹಳೆಯ ಗೆಳೆಯ ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾದಾಗ ದಿಲ್ಲಿಗೆ ಹೋಗಿ ಕೇಳಿದ್ದು ಇದನ್ನೇ. ದಕ್ಷಿಣದ ಬಾಯಿಗೆ ಹೋಗುವ ರಸ್ತೆಗೆ 2002ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಸುರಂಗದ ಕೆಲಸಕ್ಕೆ ಕೈಹಚ್ಚಿದ್ದು 2010ರಲ್ಲಿ. ಸೇರಿ ನಾಲಾ ಎಂಬ ತೊರೆಯ ಅಡಿಯಲ್ಲಿ ಬಂಡೆ ಬಿರುಕು ಬಿಟ್ಟ ಜಾಗ ಸಿಕ್ಕಿ, ನೀರು ಕಲ್ಲು ಮಣ್ಣು ಒಟ್ಟಿಗೇ ನುಗ್ಗತೊಡಗಿ, 587 ಮೀಟರಿನ ಆ ಒಂದು ತುಂಡಿಗೆ ಗಡಿ ರಸ್ತೆ ಸಂಸ್ಥೆಯವರು ವರ್ಷಗಟ್ಟಲೆ ಹೆಣಗಿದರು. ಎರಡೂ ತುದಿ ಒಂದಕ್ಕೊಂದು ಕೂಡಿದ್ದು 2017ರ ಅಕ್ಟೋಬರಿನಲ್ಲಿ. ಸೈನ್ಯಕ್ಕೂ ಈ ದಾರಿ ಬೇಕಿತ್ತು, ಲಡಾಖಿಗೆ ಹೋಗುವ ಹೆದ್ದಾರಿ ಇದು. ಪ್ರವಾಸಿಗರು ಈ ಲೆಕ್ಕದಲ್ಲಿ ಮೂರನೆಯವರು.

ಸಾಗರದ ಕಡೆಯವರು ಗುಂಪಿನಲ್ಲಿದ್ದರೆ ನನ್ನ ಕೆಲಸ ಹಗುರವಾಗುತ್ತದೆ. ಲಿಂಗನಮಕ್ಕಿ ಹಿನ್ನೀರಿನ ಆಚೆಗಿನ ತುಮರಿಯ ಜನ ಎಷ್ಟು ದಶಕ ಲಾಂಚ್ ಕಾದರು, ರಾತ್ರಿ ಹೊತ್ತು ರೋಗಿಯನ್ನಿಟ್ಟುಕೊಂಡು ದಡದಲ್ಲಿ ಕೂರುವುದೆಂದರೇನು ಎಂಬುದು ಅವರಿಗೆ ಗೊತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆದಾಗ ಯಾರ ಕಣ್ಣು ಒದ್ದೆಯಾಯಿತು ಎಂಬುದೂ ಗೊತ್ತು. ಲಾಹೌಲಿನ ಚಳಿಗಾಲದ ಈ ಕತೆ ಕೇಳಿಸಿಕೊಂಡು ಸುರಂಗ ಹೊಕ್ಕವರ ನಡವಳಿಕೆಯೇ ಬೇರೆ ಇರುತ್ತದೆ. ಹೋದ ಮನೆಯಲ್ಲಿ ಅವರು ದನಿ ಏರಿಸುವುದಿಲ್ಲ.

2. ದೂರ ಕಡಿಮೆಯಾಗಿದೆ, ಎತ್ತರ ಅಷ್ಟೇ ಇದೆ

ಮನಾಲಿಯಿಂದ ಜಿಲ್ಲಾಕೇಂದ್ರ ಕೇಲಾಂಗಿಗೆ ಮೊದಲು 115 ಕಿಲೋಮೀಟರ್ ಆಸುಪಾಸು ಇತ್ತು, ಈಗ ಎಪ್ಪತ್ತರ ಹತ್ತಿರ. ಆದರೆ ಮನಾಲಿ ಇರುವುದು 2,050 ಮೀಟರ್ ಎತ್ತರದಲ್ಲಿ, ಸುರಂಗದ ಉತ್ತರದ ಬಾಯಿ 3,071 ಮೀಟರಿನಲ್ಲಿ. ಬೆಂಗಳೂರಿನಿಂದ ಬೆಳಿಗ್ಗೆ ವಿಮಾನ ಹತ್ತಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಮನಾಲಿಯಲ್ಲಿ ಟೀ ಕುಡಿದು ನೇರ ಸಿಸ್ಸುವಿಗೆ ಬಂದವರಿಗೆ ಸಂಜೆಯ ಹೊತ್ತಿಗೆ ತಲೆ ಹಿಡಿದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಮನಾಲಿಯಲ್ಲಿ ಒಂದು ರಾತ್ರಿ ಕಳೆದು ಬಂದವರಿಗೆ ಈ ಕಷ್ಟ ಅಷ್ಟಾಗಿ ಇರುವುದಿಲ್ಲ.

ಸಿಸ್ಸುವಿನ ಮಟ್ಟಿಗೆ ಇದು ದೊಡ್ಡ ಅಪಾಯವಲ್ಲ. ಅಪಾಯ ಇರುವುದು, ‘ಇಷ್ಟು ಬೇಗ ಬಂದುಬಿಟ್ಟೆವಲ್ಲ, ಇವತ್ತೇ ಬಾರಾಲಾಚಾ ನೋಡಿಕೊಂಡು ಬಂದರೆ ಹೇಗೆ’ ಅನ್ನುವ ಮಾತಿನಲ್ಲಿ. ಬಾರಾಲಾಚಾ ಪಾಸ್ 4,890 ಮೀಟರ್. ಜಂಸ್ಕಾರ್ ಕಡೆಯ ಶಿಂಕು ಲಾ ಪಾಸ್ ಐದು ಸಾವಿರಕ್ಕೂ ಮೇಲೆ. ಮೊದಲ ದಿನ ಅತ್ತ ಗಾಡಿ ತಿರುಗಿಸಲು ನಾನು ಒಪ್ಪುವುದಿಲ್ಲ, ಯಾರು ಎಷ್ಟೇ ಒತ್ತಾಯ ಮಾಡಿದರೂ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ತಲೆನೋವು ಬಂದರೆ ಮುಚ್ಚಿಡದೆ ಹೇಳಬೇಕು. ನಮ್ಮ ಹಿರಿಯರಲ್ಲಿ, ಅದರಲ್ಲೂ ಅಮ್ಮಂದಿರಲ್ಲಿ, ‘ನನ್ನಿಂದ ಎಲ್ಲರಿಗೂ ತೊಂದರೆ ಬೇಡ’ ಅಂತ ನೋವು ನುಂಗುವ ಅಭ್ಯಾಸ ಇದೆ. ಅವರ ಪಕ್ಕ ಕೂತು ಎರಡು ಸಲ ಕೇಳಬೇಕು.

3. ಒಂದು ರಾತ್ರಿಯಾದರೂ ಉಳಿಯಿರಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇದು. ಸುರಂಗ ಬಂದ ಮೇಲೆ ಸಿಸ್ಸುವನ್ನು ಮನಾಲಿಯ ಅರ್ಧ ದಿನದ ಸುತ್ತಾಟಕ್ಕೆ ಸೇರಿಸಿಬಿಟ್ಟಿದ್ದಾರೆ. ಟ್ಯಾಕ್ಸಿ ಬೆಳಿಗ್ಗೆ ಹತ್ತಕ್ಕೆ ಬರುತ್ತದೆ, ಹಿಮದಲ್ಲಿ ಫೋಟೊ, ಒಂದು ಮ್ಯಾಗಿ, ಮಧ್ಯಾಹ್ನ ಮೂರಕ್ಕೆ ವಾಪಸ್. 2023ರ ಡಿಸೆಂಬರ್ 24ರ ಸುಮಾರಿಗೆ ಒಂದು ದಿನದಲ್ಲಿ ಸುರಂಗ ದಾಟಿದ ವಾಹನಗಳು 28 ಸಾವಿರಕ್ಕೂ ಹೆಚ್ಚು ಎಂದು ಪೊಲೀಸರು ಲೆಕ್ಕ ಕೊಟ್ಟಿದ್ದರು. 2011ರ ಜನಗಣತಿಯಲ್ಲಿ ಲಾಹೌಲ್-ಸ್ಪಿತಿ ಇಡೀ ಜಿಲ್ಲೆಯ ಜನಸಂಖ್ಯೆ 31,564. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಊರಿನವರ ಮೇಲೆ ಏನು ಬಿತ್ತೆಂಬುದು ಅರ್ಥವಾಗುತ್ತದೆ. ಅದೇ ರಜೆಯಲ್ಲಿ ಒಬ್ಬ ಪ್ರವಾಸಿ ಟ್ರಾಫಿಕ್ ತಪ್ಪಿಸಲು ಚಂದ್ರಾ ನದಿಯೊಳಗೇ ಜೀಪು ಓಡಿಸಿ ದಂಡ ಕಟ್ಟಿದ. ಹಿಮ ಕರಗಿದ ಮೇಲೆ ಹೊಲದ ಅಂಚಿನಲ್ಲಿ ಎದ್ದು ಕಾಣುವುದು ಪ್ಲಾಸ್ಟಿಕ್ ಬಾಟಲಿ, ಚಿಪ್ಸಿನ ಪೊಟ್ಟಣ. ಅವನ್ನು ಹೆಕ್ಕುವವರು ಊರಿನ ಮಹಿಳಾ ಮಂಡಲದವರು. ಬಂದುಹೋದವರು ಅದನ್ನು ನೋಡುವುದೂ ಇಲ್ಲ.

ಅರ್ಧ ದಿನಕ್ಕೆ ಬಂದವರ ದುಡ್ಡಿನಲ್ಲಿ ಹೆಚ್ಚಿನದು ಮನಾಲಿಯ ಹೋಟೆಲಿಗೆ, ಮನಾಲಿಯ ಟ್ಯಾಕ್ಸಿಗೆ ಹೋಗುತ್ತದೆ. ಹೋಮ್‌ಸ್ಟೇಯಲ್ಲಿ ಉಳಿದವರ ದುಡ್ಡು ಊರಿನ ಮನೆಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಂಜೆ ನಾಲ್ಕರ ನಂತರದ ಸಿಸ್ಸು ಬೇರೆಯೇ ಊರು. ಟ್ಯಾಕ್ಸಿಗಳು ಹೊರಟುಹೋಗಿರುತ್ತವೆ. ಮಧ್ಯಾಹ್ನದಿಂದ ಬೀಸುತ್ತಿದ್ದ ಗಾಳಿ ಇಳಿಯುತ್ತದೆ. ಎದುರುಬೆಟ್ಟದಿಂದ ಧುಮುಕುವ ಜಲಪಾತದ ಸದ್ದು ಆಗ ಕೇಳುತ್ತದೆ. ಹಗಲಲ್ಲಿ ಅದು ಹಾರನ್ನಿನಲ್ಲಿ ಮುಳುಗಿಹೋಗಿರುತ್ತದೆ.

ರಾತ್ರಿ ಮನೆಯವರ ಅಡುಗೆಕೋಣೆಯೇ ಎಲ್ಲರ ಜಾಗ. ನಡುವೆ ತಗಡಿನ ಸೌದೆ ಒಲೆ, ಅದಕ್ಕೆ ಅಲ್ಲಿ ತಂದೂರ್ ಅನ್ನುತ್ತಾರೆ. ಹೊಗೆಯ ಕೊಳವೆ ಸೂರು ದಾಟಿ ಮೇಲೆ ಹೋಗಿರುತ್ತದೆ. ಒಲೆಯ ಮೇಲೆ ಸದಾ ಒಂದು ಪಾತ್ರೆ ನೀರು ಬಿಸಿಯಾಗುತ್ತಿರುತ್ತದೆ. ಸುತ್ತ ನೆಲಕ್ಕೆ ಹಾಸಿದ ದಪ್ಪ ಕಂಬಳಿ, ಮುಂದೆ ಮೊಳಕಾಲೆತ್ತರದ ಮೇಜು. ಮನೆಯ ಹಿರಿಯ ಹೆಂಗಸು ಬಣ್ಣದ ಉಣ್ಣೆಯಲ್ಲಿ ಕಾಲುಚೀಲ ಹೆಣೆಯುತ್ತ ಕೂತಿರುತ್ತಾರೆ. ಮಾತಾಡುವಾಗ ಕಣ್ಣು ನಿಮ್ಮ ಕಡೆ, ಬೆರಳು ಅದರ ಪಾಡಿಗೆ ಅದು. ಲಾಹೌಲಿನ ಈ ಕಾಲುಚೀಲ, ಕೈಗವಸುಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಡುತ್ತಾರೆ. ಮೊದಲ ಗುಟುಕಿಗೆ ಮುಖ ಸಿಂಡರಿಸಬೇಡಿ, ಅದನ್ನು ಸಾರೆಂದುಕೊಂಡು ಕುಡಿಯಿರಿ, ಎರಡನೇ ಲೋಟ ನೀವೇ ಕೇಳುತ್ತೀರಿ.

ಹಾಸನದ ಒಬ್ಬ ತಾಯಿ ಹೀಗೆ ಕೂತವರು, ಬರುವ ಅಲ್ಪಸ್ವಲ್ಪ ಹಿಂದಿಯಲ್ಲಿ, ‘ದೀದಿ, ಸುರಂಗ ಆದ ಮೇಲೆ ನಿಮಗೆ ಏನು ಬದಲಾಯಿತು’ ಅಂತ ಕೇಳಿದರು. ಮನೆಯಾಕೆ ಬಹಳ ಹೊತ್ತು ಯೋಚಿಸಲಿಲ್ಲ. ‘ಈಗ ಜನವರಿಯಲ್ಲೂ ಮಗಳು ಬರುತ್ತಾಳೆ’ ಅಂದರು.

4. ಸುರಂಗದೊಳಗೆ ಗಾಡಿ ನಿಲ್ಲಿಸಬೇಡಿ

ವಿಡಿಯೊಗಾಗಿ ಒಳಗೆ ನಿಲ್ಲಿಸುವುದು, ಇಳಿದು ಕುಣಿಯುವುದು, ಓವರ್‌ಟೇಕ್ ಮಾಡುವುದು ಎಲ್ಲ ಅಪರಾಧ. ಎರಡು ಕಡೆಯ ವಾಹನಗಳೂ ಒಂದೇ ಕೊಳವೆಯಲ್ಲಿ, ಎಂಟು ಮೀಟರ್ ಅಗಲದ ರಸ್ತೆಯಲ್ಲಿ ಹೋಗಬೇಕು. ಉದ್ದಕ್ಕೂ ಕ್ಯಾಮೆರಾ ಇದೆ, ಪೊಲೀಸರು ದಂಡ ಹಾಕುತ್ತಾರೆ. ಗಾಡಿ ಕೆಟ್ಟರೆ 150 ಮೀಟರಿಗೊಂದು ತುರ್ತು ಫೋನ್ ಇದೆ. ಬೆಂಕಿಯಂಥ ಅವಘಡವಾದರೆ ಪಾರಾಗಲು ರಸ್ತೆಯ ಅಡಿಯಲ್ಲೇ ಇನ್ನೊಂದು ಚಿಕ್ಕ ಸುರಂಗ ಇದೆ.

5. ಯಾವಾಗ ಹೋಗಬೇಕೆಂದು ಊರನ್ನು ಕೇಳಿ

ನಮ್ಮ ರಜೆ ನೋಡಿಕೊಂಡು ಟಿಕೆಟ್ ಮಾಡಿಸುವುದು ಸಹಜ. ಆದರೆ ಈ ಊರಿಗೆ ತನ್ನದೇ ಪಂಚಾಂಗ ಇದೆ. ಚಳಿಗಾಲದ ನಡುವೆ ಹಲ್ಡಾ, ಪೂನಾ ಹಬ್ಬಗಳು ಬರುತ್ತವೆ. ಆ ದಿನಗಳಲ್ಲಿ ದೇವರಿಗೆ ಗದ್ದಲ ಆಗದು ಎಂಬುದು ನಂಬಿಕೆ. ಹಾಗಾಗಿ ಜನವರಿ 20ರ ಸುಮಾರಿನಿಂದ ಫೆಬ್ರವರಿ ಕೊನೆಯ ತನಕ ಸುಮಾರು 40 ದಿನ ಸಿಸ್ಸು ಸುತ್ತಿನ ಪಂಚಾಯಿತಿಯವರು ಪ್ರವಾಸಿ ಚಟುವಟಿಕೆಯನ್ನೇ ನಿಲ್ಲಿಸಿದ್ದಾರೆ. ಹೋಮ್‌ಸ್ಟೇ, ಅಂಗಡಿ ಎಲ್ಲ ಬಂದ್. ಹಿಮ ನೋಡಲು ಜನ ಮುಗಿಬೀಳುವ ತಿಂಗಳಲ್ಲಿ ಕೈಗೆ ಬರುವ ದುಡ್ಡನ್ನು ಬಿಟ್ಟು ತಮ್ಮ ಹಬ್ಬ ಉಳಿಸಿಕೊಂಡ ಆ ಊರಿನ ಬಗ್ಗೆ ನನಗೆ ತುಂಬ ಗೌರವ. ‘ಸರ್, ನಾವು ನಾಲ್ಕೇ ಜನ, ಸದ್ದು ಮಾಡಲ್ಲ’ ಅಂತ ಫೋನ್ ಮಾಡುವವರಿಗೆ ನನ್ನ ಉತ್ತರ ಒಂದೇ: ಮಾರ್ಚ್ ಮೇಲೆ ನೋಡೋಣ.

ಜೂನ್ ಚೆನ್ನ, ಸೆಪ್ಟೆಂಬರ್ ಇನ್ನೂ ಚೆನ್ನ. ಪೀರ್ ಪಂಜಾಲ್ ಸಾಲು ಮುಂಗಾರನ್ನು ತಡೆಯುವುದರಿಂದ ಲಾಹೌಲಿನಲ್ಲಿ ಜುಲೈನಲ್ಲೂ ಮಳೆ ಕಡಿಮೆ. ಮನಾಲಿಯಲ್ಲಿ ಜಡಿಮಳೆ ಸುರಿಯುತ್ತಿದ್ದರೂ ಸುರಂಗದ ಆಚೆ ಬಿಸಿಲು ಕಾಣುವ ದಿನಗಳಿವೆ. ಹಾಗೆಂದು ಜುಲೈ, ಆಗಸ್ಟ್ ಆರಿಸಿಕೊಳ್ಳಬೇಡಿ. ಲಾಹೌಲ್ ಮುಟ್ಟಲು ಕುಲ್ಲು ಕಣಿವೆ ದಾಟಲೇಬೇಕು. 2023ರ ಜುಲೈನಲ್ಲಿ ಬಿಯಾಸ್ ನದಿ ಆ ರಸ್ತೆಯನ್ನು ತುಂಡುತುಂಡು ಮಾಡಿತ್ತು. ಚಳಿಗಾಲಕ್ಕೆ ಹೋಗುವುದೇ ಆದರೆ ಹಿಮ ಬಿದ್ದ ದಿನ ಪೊಲೀಸರು ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಗಳನ್ನು ಮಾತ್ರ, ಚಕ್ರಕ್ಕೆ ಸರಪಳಿ ಹಾಕಿಸಿ, ಬಿಡುತ್ತಾರೆ; ಕೆಲವು ದಿನ ಯಾರನ್ನೂ ಬಿಡುವುದಿಲ್ಲ. ಸುರಂಗ ಹಿಮಕ್ಕೆ ಮುಚ್ಚದಿದ್ದರೂ ಅದರ ಎರಡೂ ಬಾಯಿಯ ರಸ್ತೆಗಳ ಮೇಲೆ ಹಿಮಕುಸಿತದ ಇಳಿಜಾರುಗಳಿವೆ. ವಾಪಸ್ ವಿಮಾನಕ್ಕೆ ಒಂದೆರಡು ದಿನ ಕೈಯಲ್ಲಿಟ್ಟುಕೊಂಡೇ ಹೊರಡಿ.

6. ನೀರಿನ ವಿಷಯ

ನಾವು ದಕ್ಷಿಣದವರು ಎಲ್ಲಿ ಹೋದರೂ ಧಾರಾಳವಾಗಿ ನೀರು ಬಳಸುವವರು. ಲಾಹೌಲಿನ ಚಳಿಗಾಲದಲ್ಲಿ ಕೊಳಾಯಿ ಹೆಪ್ಪುಗಟ್ಟುತ್ತದೆ. ಒಲೆಯ ಮೇಲಿನ ಆ ಪಾತ್ರೆಯೇ ಮನೆಯವರಿಗೆಲ್ಲ ಬಿಸಿನೀರು. ಹಳೆಯ ಮನೆಗಳಲ್ಲಿ ಒಣ ಶೌಚಾಲಯ ಇರುತ್ತದೆ: ಮೇಲಿನ ಅಂತಸ್ತಿನಲ್ಲಿ ಕಂಡಿ, ಕೆಳಗೆ ಗುಂಡಿ, ಪಕ್ಕದಲ್ಲಿ ಬೂದಿ, ಒಣ ಎಲೆ, ಮಣ್ಣು. ಉಪಯೋಗಿಸಿದ ಮೇಲೆ ಅದನ್ನೇ ಒಂದಿಷ್ಟು ಎಳೆದು ಹಾಕಬೇಕು. ಬೇಸಿಗೆಗೆ ಅದೆಲ್ಲ ಕಳಿತು ಹೊಲಕ್ಕೆ ಗೊಬ್ಬರವಾಗುತ್ತದೆ. ಅದರೊಳಗೆ ಬಕೆಟ್‌ಗಟ್ಟಲೆ ನೀರು ಸುರಿದರೆ ಇಡೀ ವರ್ಷದ ಗೊಬ್ಬರ ಕೆಡುತ್ತದೆ. ಇದನ್ನು ಮುಜುಗರವಿಲ್ಲದೆ ಮೊದಲೇ ವಿವರಿಸಿಬಿಡುತ್ತೇನೆ. ಬಯಲುಸೀಮೆಯ ರೈತರು ಬಂದಾಗ ಅವರೇ ಇದನ್ನು ಇನ್ನೊಬ್ಬರಿಗೆ ತಿಳಿಸಿ ಹೇಳುತ್ತಾರೆ. ಗೊಬ್ಬರದ ಬೆಲೆ ಅವರಿಗೆ ಗೊತ್ತು.

7. ಊಟ

ಅನ್ನ ಸಿಗುತ್ತದೆ, ರಾಜ್ಮಾ ಸಿಗುತ್ತದೆ, ಆಲೂಗೆಡ್ಡೆ, ಬಟಾಣಿ ಹೊಲದಿಂದಲೇ ಬರುತ್ತವೆ. ಮೂರು ಸಾವಿರ ಮೀಟರಿನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಕುಕ್ಕರಿನಲ್ಲೂ ತಡ. ಹಾಗಾಗಿ ಊಟಕ್ಕೆ ಇಷ್ಟು ಜನ ಅಂತ ಮೊದಲೇ ಹೇಳಿರಬೇಕು. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ, ಮನೆಯವರಿಗೂ ಬಡಿಸಿ. ಮೂರು ಮೂಲೆಯ ಕಾಠೂ ಎಂಬ ಧಾನ್ಯದ ರೊಟ್ಟಿ ಮಾಡುವವರು ಸಿಕ್ಕರೆ ಕೇಳಿ ಮಾಡಿಸಿಕೊಳ್ಳಿ.

8. ಹೊಲ ತುಳಿಯಬೇಡಿ, ಹೊಲದ ಬಗ್ಗೆ ಕೇಳಿ

ಸಿಸ್ಸುವಿನ ಹಸಿರು ಮೈದಾನ ಅಂತ ಜನ ಫೋಟೊಗೆ ನಿಲ್ಲುವ ಜಾಗ ಬಹಳ ಸಲ ಯಾರದೋ ಬಟಾಣಿ ಹೊಲ. ಇಲ್ಲಿ ವರ್ಷಕ್ಕೊಂದೇ ಬೆಳೆ. ಬಿತ್ತನೆ ಆಲೂಗೆಡ್ಡೆಗೆ ಲಾಹೌಲ್ ದಶಕಗಳಿಂದ ಹೆಸರುವಾಸಿ. ಬೆಳೆಗಾರರ ಸಹಕಾರ ಸಂಘವೇ ಅದನ್ನು ಬೆಳೆಸಿತು. ಈಗ ಬಟಾಣಿ, ಹೂಕೋಸು ಹೆಚ್ಚು. ನೀರಾವರಿಗೆ ಹಿಮನದಿಯ ತೊರೆಗಳಿಂದ ತಂದ ಕೂಲ್ ಎಂಬ ಸಣ್ಣ ಕಾಲುವೆಗಳಿವೆ, ಮನೆಮನೆಗೆ ಸರದಿ ಇದೆ. ಆ ಕಾಲುವೆಯ ಬದುವಿನ ಮೇಲೆ ಹತ್ತು ಜನ ನಡೆದು ಮಣ್ಣು ಜಾರಿದರೆ ಯಾರದೋ ಸರದಿ ತಪ್ಪುತ್ತದೆ. ಬದುಗಳ ಮೇಲಿನ ವಿಲೋ ಮರಗಳೂ ಬೇಸಾಯದ ಭಾಗವೇ. ಕೊಂಬೆ ಸೌದೆಗೆ, ಎಲೆ ಕುರಿಗೆ.

ನಮ್ಮವರಿಗೆ ಬೇಗ ಹತ್ತಿರವಾಗುವ ಬೆಳೆ ಇನ್ನೊಂದಿದೆ. ದಿನವೂ ಸಾರಿನ ಒಗ್ಗರಣೆಗೆ ಹಾಕುವ ಇಂಗು ನಮ್ಮ ದೇಶದಲ್ಲಿ ಬೆಳೆಯುತ್ತಿರಲಿಲ್ಲ. ಇರಾನ್, ಅಫ್ಘಾನಿಸ್ತಾನ, ಉಜ್ಬೆಕಿಸ್ತಾನದಿಂದ ತರಿಸಬೇಕಿತ್ತು. ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯವರು ಮೊದಲ ಇಂಗಿನ ಸಸಿ ನೆಟ್ಟಿದ್ದು ಲಾಹೌಲಿನ ಕ್ವಾರಿಂಗ್ ಎಂಬ ಹಳ್ಳಿಯ ರೈತರ ಹೊಲದಲ್ಲಿ, 2020ರ ಅಕ್ಟೋಬರ್ 15ರಂದು, ಸುರಂಗ ತೆರೆದು ಎರಡು ವಾರವೂ ಆಗಿರಲಿಲ್ಲ. ಬೇರಿನಿಂದ ಹಾಲು ಇಳಿಸಲು ಐದು ವರ್ಷ ಕಾಯಬೇಕಾದ ಗಿಡ ಅದು. ಇದನ್ನು ಹೇಳಿದರೆ ಗುಂಪಿನ ಹೆಂಗಸರೆಲ್ಲ ‘ಗಿಡ ಹೇಗಿರುತ್ತೆ’ ಅಂತ ಕೇಳುತ್ತಾರೆ, ಮಾತು ಬೇಸಾಯದ ಕಡೆ ಹೊರಳುತ್ತದೆ.

‘ಇಲ್ಲಿ ಸೈಟ್ ಏನು ರೇಟು’ ಅಂತ ಕೇಳುವವರೂ ಪ್ರತಿ ಗುಂಪಿನಲ್ಲೂ ಇರುತ್ತಾರೆ. ಇದು ಬುಡಕಟ್ಟು ಜಿಲ್ಲೆ, ಹೊರಗಿನವರು ಜಮೀನು ಕೊಳ್ಳಲು ಕಾನೂನಿನ ತಡೆ ಇದೆ. ಆ ತಡೆ ಇಲ್ಲದಿದ್ದರೆ ಬಟಾಣಿ ಹೊಲಗಳು ಇಷ್ಟರಲ್ಲಿ ರೆಸಾರ್ಟ್ ಆಗಿರುತ್ತಿದ್ದವು. ಇರುವುದೇ ಒಳ್ಳೆಯದಾಯಿತು.

9. ದೇವರ ಮನೆಯ ಹೊಸ್ತಿಲು

ಲಾಹೌಲಿನ ಒಡೆಯನೆನಿಸಿದ ದೇವರು ರಾಜಾ ಘೇಪನ್. ಸಿಸ್ಸುವಿನ ಮೇಲೆ ನಿಂತ ಹಿಮಶಿಖರಕ್ಕೂ ಅವನದೇ ಹೆಸರು. ಗುಡಿ ಊರಲ್ಲೇ ಇದೆ. ಹೊರಗಿನವರು ಹೊರಗೇ ನಿಂತು ಕೈಮುಗಿಯಬೇಕು. ದರ್ಶನವಾಗಲಿಲ್ಲವೆಂದು ಬೇಸರಪಡುವವರನ್ನು ತ್ರಿಲೋಕನಾಥಕ್ಕೆ ಕರೆದೊಯ್ಯುತ್ತೇನೆ. ಚಂದ್ರಾ, ಭಾಗಾ ನದಿಗಳು ತಾಂಡಿಯಲ್ಲಿ ಕೂಡಿ ಚಂದ್ರಭಾಗೆಯಾಗಿ ಹರಿಯುವ ಕಣಿವೆಯಲ್ಲಿ, ಉದಯಪುರದ ಹತ್ತಿರ ಅದು ಇದೆ. ಒಳಗಿನ ಒಂದೇ ಬಿಳಿಯ ಮೂರ್ತಿ ಹಿಂದೂಗಳಿಗೆ ಶಿವ, ಬೌದ್ಧರಿಗೆ ಅವಲೋಕಿತೇಶ್ವರ. ಪೂಜೆ ಮಾಡುವವರು ಲಾಮಾ. ದಾರಿಯಲ್ಲೇ ಗೋಂಧ್ಲಾದ ಕೋಟೆಮನೆ ಸಿಗುತ್ತದೆ. ಕಲ್ಲು, ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಎಬ್ಬಿಸಿದ ಬಹುಮಹಡಿ ಗೋಪುರ ಅದು.

10. ಮುಂದಿನ ಸುರಂಗಕ್ಕೆ ಮುಂಚೆ

ಲಾಹೌಲಿನ ದಾರ್ಚಾದಿಂದ ಜಂಸ್ಕಾರ್ ಕಣಿವೆಗೆ ಹೋಗುವ ಶಿಂಕು ಲಾ ಕೆಳಗೆ ಇನ್ನೊಂದು ಸುರಂಗ ಕೊರೆಯುತ್ತಿದ್ದಾರೆ. ಉದ್ದ 4.1 ಕಿಲೋಮೀಟರ್, ಎತ್ತರ 15,800 ಅಡಿ. ಮೊದಲ ಸ್ಫೋಟ ನಡೆದದ್ದು 2024ರ ಜುಲೈ 26ರಂದು. ಸುದ್ದಿ ಬಂದಂದಿನಿಂದ ಫೋನ್ ಮೇಲೆ ಫೋನ್: ‘ಹಾಳಾಗುವ ಮೊದಲು ಜಂಸ್ಕಾರ್ ತೋರಿಸಿಬಿಡಿ.’

ಈ ಮಾತು ನನಗೆ ಹಿಡಿಸುವುದಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ಹೊರಜಗತ್ತು ಮುಟ್ಟುತ್ತಿದ್ದ ಜನ ಅವರು. ರಸ್ತೆ ಬಂದರೆ ಅವರ ಊರು ಹಾಳಾಯಿತೆಂದು ಬೆಂಗಳೂರಿನಲ್ಲಿ ಕೂತು ಹೇಳುವ ಹಕ್ಕು ನಮಗಿಲ್ಲ. ಸಿಸ್ಸುವಿಗೆ ಆದ ತೊಂದರೆಗಳಲ್ಲಿ ಬಹುಪಾಲು ತಡೆಯಬಹುದಾದವೇ ಆಗಿದ್ದವು. ಗಾಡಿ ನಿಲ್ಲಿಸಲು ಜಾಗ, ಕಸ ಎತ್ತುವ ಏರ್ಪಾಡು, ಶೌಚಾಲಯ, ದಿನಕ್ಕೆ ಎಷ್ಟು ವಾಹನ ಎಂಬ ಮಿತಿ, ಇವೆಲ್ಲ ಮೊದಲ ಗಾಡಿಗೆ ಮುಂಚೆ ಸಿದ್ಧವಿರಬೇಕಿತ್ತು. ರೋಹ್ತಾಂಗ್ ಪಾಸಿಗೆ ದಿನಕ್ಕಿಷ್ಟೇ ವಾಹನ ಎಂಬ ಪರ್ಮಿಟ್ ಪದ್ಧತಿ ಇದೆ; ಸುರಂಗಕ್ಕೆ ಅಂಥದ್ದಿಲ್ಲ. ಕಣಿವೆಗೆ ಬರುವ ಹೊರಗಿನ ವಾಹನಗಳಿಂದ ಈಗ ಶುಲ್ಕ ಎತ್ತುತ್ತಾರೆ. ನಮ್ಮ ಚಾಲಕರಿಗೆ ಹೇಳಿಟ್ಟಿದ್ದೇನೆ, ಚೌಕಾಸಿ ಮಾಡದೆ ಕಟ್ಟಿ ರಸೀದಿ ಇಸಿದುಕೊಳ್ಳಿ ಅಂತ.

ಶಿಂಕು ಲಾ ಸುರಂಗ ತೆರೆದ ವರ್ಷ ನಾನು ಅತ್ತ ಗುಂಪು ಕರೆದೊಯ್ಯುವುದಿಲ್ಲ ಎಂದು ಈಗಲೇ ತೀರ್ಮಾನಿಸಿದ್ದೇನೆ. ಮೊದಲ ಚಳಿಗಾಲದಲ್ಲಿ ಆ ದಾರಿಯಲ್ಲಿ ಆಸ್ಪತ್ರೆಗೆ ಹೋಗುವವರು, ಪರೀಕ್ಷೆ ಬರೆಯಲು ಹೋಗುವ ಮಕ್ಕಳು, ತವರಿಗೆ ಬರುವ ಹೆಣ್ಣುಮಕ್ಕಳು ಓಡಾಡಲಿ. ಅಲ್ಲಿನ ಹಳ್ಳಿಗಳವರು ತಮ್ಮ ಮನೆಗಳನ್ನು ಅತಿಥಿಗಳಿಗೆ ಸಜ್ಜು ಮಾಡಿಕೊಂಡು, ಎಷ್ಟು ಜನ, ಯಾವ ತಿಂಗಳು ಎಂದು ಅವರೇ ಹೇಳಿದ ಮೇಲೆ ಹೆಸರು ಬರೆದುಕೊಳ್ಳುತ್ತೇನೆ.